ಓಡಿಸಲು ಕಲಿತಾಯಿತು, ಇನ್ನು ನಿಲ್ಲಿಸಲು ಕಲಿಯೋಣ

(ನ್ಯೂಜೆರ್ಸಿಯಲ್ಲಿ ನಡೆದ ನಮ್ಮವರ ಕುಟುಂಬ ಕೂಟದಲ್ಲಿ ಟ್ರಕ್ ಚಾಲಕರಿಗಾಗಿ ಆಡಿದ ಮಾತಿನ ಬರಹ ರೂಪ)



ಇವತ್ತು ಈ ಮೈಕಿನ ಮುಂದೆ ನಿಲ್ಲಬೇಕಾದವರು ನಾವಲ್ಲ. ನಿಮ್ಮಲ್ಲಿ ಹೆಚ್ಚಿನವರಿಗೆ ಪರಿಚಯ ಇರುವ ನಮ್ಮ ಟ್ರಕ್ಕಿನ ಕಾಕ ನಿಲ್ಲಬೇಕಿತ್ತು. ಸಮಿತಿಯವರು ಕೇಳಿದ್ದೂ ಅವರನ್ನೇ. "ಸ್ಟಿಯರಿಂಗ್ ಕೊಡಿ, ಎಷ್ಟು ಹೊತ್ತು ಬೇಕಾದ್ರೂ ಹಿಡೀತೇನೆ. ಮೈಕ್ ಹಿಡಿದ್ರೆ ಗಂಟಲು ಒಣಗ್ತದೆ. ನೀನೇ ಹೇಳು ಮಾರಾಯ, ಕಾಲೇಜು ಓದಿದವ ನೀನು" ಅಂತ ಕೆಲಸವನ್ನು ನಮ್ಮ ತಲೆಗೆ ಕಟ್ಟಿದರು. ಹಾಗಾಗಿ ಎರಡು ಭಾನುವಾರ ಅವರ ಮನೆಯಲ್ಲಿ ಕೂತು ಬರೆದುಕೊಂಡು ಬಂದಿದ್ದೇವೆ. ರಸ್ತೆಯ ಮಾತು ಅವರದ್ದು. ಹಣದ ಮಾತು ಮಾತ್ರ ನಮ್ಮದು. ಬಿ.ಕಾಂ. ಮುಗಿಸಿ ಊರು ಬಿಟ್ಟ ಮೇಲೆ ಲೆಕ್ಕ ಬರೆದೇ ಹೊಟ್ಟೆ ಹೊರೆದವರು ನಾವು. ಪ್ರತಿ ವರ್ಷ ಫೆಬ್ರವರಿ ಬಂತೆಂದರೆ ಡ್ರೈವರುಗಳು ಪ್ಲಾಸ್ಟಿಕ್ ತೊಟ್ಟೆಯಲ್ಲಿ ರಸೀದಿ ತುಂಬಿಕೊಂಡು ನಮ್ಮ ಬಾಗಿಲಿಗೆ ಬರುತ್ತಾರೆ. ಆ ತೊಟ್ಟೆ ಬಿಚ್ಚಿದರೆ ಒಬ್ಬನ ಇಡೀ ವರ್ಷ ಕಾಣುತ್ತದೆ.

ಕಾಕ ಬಂಟ್ವಾಳದ ಕಡೆಯವರು. ಹದಿನೇಳನೇ ವಯಸ್ಸಿಗೆ ಕ್ಲೀನರ್ ಆಗಿ ಲಾರಿ ಹತ್ತಿದವರು. ಪಣಂಬೂರಿನಿಂದ ಸರಕು ತುಂಬಿ ಶಿರಾಡಿ ಘಾಟಿಯಲ್ಲಿ ರಾತ್ರಿ ಹಗಲು ಓಡಾಡಿ, ಆಮೇಲೆ ದಮ್ಮಾಮ್-ಜುಬೈಲ್ ರಸ್ತೆಯಲ್ಲಿ ವರ್ಷಗಟ್ಟಲೆ ಟ್ರೇಲರ್ ಓಡಿಸಿ, ಮಗಳ ಮೂಲಕ ಗ್ರೀನ್ ಕಾರ್ಡ್ ಆಗಿ ಇಲ್ಲಿಗೆ ಬಂದವರು. ಅವರು ಹೇಳಿದ್ದು ಹತ್ತಾರು ವಿಷಯ. ಎಲ್ಲದರ ತಿರುಳು ಒಂದೇ: "ಗಾಡಿ ಓಡಿಸ್ಲಿಕ್ಕೆ ಯಾರೂ ಕಲೀತಾರೆ. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರುವವ ಡ್ರೈವರ್."

ವಿಮಾನ ಹತ್ತುವ ಮೊದಲು

ಮೊದಲ ಮಾತು ಊರಲ್ಲೂ ಗಲ್ಫ್‌ನಲ್ಲೂ ಇರುವ ತಮ್ಮಂದಿರಿಗೆ. "ಅಮೆರಿಕದಲ್ಲಿ ಡ್ರೈವರ್ ವೀಸಾ ಉಂಟು, ಇಷ್ಟು ಲಕ್ಷ ಕೊಡು" ಅಂತ ಯಾರಾದರೂ ಹೇಳಿದರೆ ಅಲ್ಲಿಯೇ ನಿಲ್ಲಿ. ಟ್ರಕ್ ಡ್ರೈವರ್ ಅಂತಲೇ ಪ್ರತ್ಯೇಕ ವೀಸಾ ಈ ದೇಶದಲ್ಲಿ ಇಲ್ಲ. ಇದ್ದ ಸಾಮಾನ್ಯ ಕೆಲಸದ ವೀಸಾಗಳಿಗೂ 2025ರ ಆಗಸ್ಟ್ 21ರಂದು ತಡೆ ಬಿತ್ತು. ವಾಣಿಜ್ಯ ಟ್ರಕ್ ಚಾಲಕರಿಗೆ ಕೆಲಸದ ವೀಸಾ ಕೊಡುವುದನ್ನು ನಿಲ್ಲಿಸಿದ್ದೇವೆ ಅಂತ ವಿದೇಶಾಂಗ ಕಾರ್ಯದರ್ಶಿ ಮಾರ್ಕೊ ರೂಬಿಯೊ ಅಂದು ಘೋಷಿಸಿದರು. ಉಮ್ಮನ ಚಿನ್ನ ಅಡವಿಟ್ಟು ಏಜೆಂಟನ ಕೈಗೆ ಹಣ ಕೊಡುವ ಮೊದಲು ಇಲ್ಲಿರುವ ನಮ್ಮ ಯಾರಿಗಾದರೂ ಒಂದು ಫೋನ್ ಮಾಡಿ. ಆ ಫೋನಿಗೆ ಖರ್ಚಿಲ್ಲ.

ಕುಟುಂಬದ ಮೂಲಕ ಗ್ರೀನ್ ಕಾರ್ಡ್ ಆಗಿ ಬಂದವರಿಗೆ ದಾರಿ ಉಂಟು. ಆದರೆ ಸೌದಿಯ, ದುಬೈಯ ಹೆವಿ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ. ಮೊದಲಿಂದ ಶುರು ಮಾಡಬೇಕು. ಕ್ಲಾಸ್ ಎ ಸಿಡಿಎಲ್ ಬೇಕಾದರೆ 2022ರ ಫೆಬ್ರವರಿ 7ರಿಂದ ಕೇಂದ್ರ ಸರಕಾರದ ಪಟ್ಟಿಯಲ್ಲಿರುವ ಶಾಲೆಯಲ್ಲೇ ತರಬೇತಿ ಆಗಬೇಕು. ಶಾಲೆಗೆ ಹಣ ಕಟ್ಟುವ ಮೊದಲು ಆ ಪಟ್ಟಿಯಲ್ಲಿ ಅದರ ಹೆಸರು ಉಂಟಾ ನೋಡಿ. ಇಲ್ಲದ ಶಾಲೆಯ ಸರ್ಟಿಫಿಕೇಟ್ ತೆಗೆದುಕೊಂಡು ಹೋದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಗ್ರೀನ್ ಕಾರ್ಡ್ ಇಲ್ಲದೆ, ಕೆಲಸದ ಪರವಾನಗಿಯ ಮೇಲೆ ಲೈಸೆನ್ಸ್ ಮಾಡಿಸಿದವರೂ ಇಲ್ಲಿ ಇರಬಹುದು. ಅಂಥ ಲೈಸೆನ್ಸಿನ ನಿಯಮವನ್ನು 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಾರಿಗೆ ಇಲಾಖೆ ತುಂಬ ಬಿಗಿ ಮಾಡಿತು, ವಿಷಯ ಕೋರ್ಟಿಗೂ ಹೋಯಿತು. ರಿನ್ಯೂವಲ್ ದಿನದ ತನಕ ಕಾಯಬೇಡಿ. ಈಗಲೇ ಒಬ್ಬ ಇಮಿಗ್ರೇಷನ್ ವಕೀಲರನ್ನು ಕಾಣಿ.

ಮತ್ತೆ ಇಂಗ್ಲಿಷ್. ಡ್ರೈವರಿಗೆ ಇಂಗ್ಲಿಷ್ ಬರಬೇಕು ಅನ್ನುವ ನಿಯಮ ಮೊದಲೇ ಇತ್ತು. 2025ರ ಜೂನ್ 25ರಿಂದ ಅದನ್ನು ರಸ್ತೆಯಲ್ಲೇ ಜಾರಿ ಮಾಡುತ್ತಿದ್ದಾರೆ. ತಪಾಸಣೆ ಮಾಡುವ ಅಧಿಕಾರಿಯ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಡಲಿಕ್ಕೆ ಆಗದಿದ್ದರೆ, ರಸ್ತೆಯ ಬೋರ್ಡು ಓದಲಿಕ್ಕೆ ಬಾರದಿದ್ದರೆ, ಅಲ್ಲಿಂದ ಮುಂದೆ ಗಾಡಿ ಓಡಿಸಲು ಬಿಡುವುದಿಲ್ಲ. ಕಾಕ ಶಾಲೆಗೆ ಹೋದದ್ದು ಏಳನೆಯವರೆಗೆ. ಅವರು ಮೊಮ್ಮಗಳನ್ನು ಎದುರು ಕೂರಿಸಿ ಪೊಲೀಸ್ ಆಟ ಆಡುತ್ತಾರಂತೆ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗ್ತೀ, ಏನು ಲೋಡ್, ಎಷ್ಟು ಗಂಟೆ ಓಡಿಸಿದ್ದಿ - ಇಷ್ಟೇ ಪ್ರಶ್ನೆ. ದಿನಾ ಹತ್ತು ನಿಮಿಷ. ನಾಚಿಕೆ ಎಂತಕ್ಕೆ? ಮನೆಯಲ್ಲಿ ಮಗು ನಕ್ಕರೆ ನಗಲಿ.

ಸೇತುವೆಯ ಮುಂದೆ

ಈಗ ರಸ್ತೆ. ಕಾಕ ಹೇಳುವ ಪ್ರಕಾರ ಈ ಭಾಗದಲ್ಲಿ ಹೊಸ ಡ್ರೈವರಿನ ಮೊದಲ ಶತ್ರು ಕಾರಿನ ಜಿಪಿಎಸ್. ನ್ಯೂಯಾರ್ಕಿನ ಪಾರ್ಕ್‌ವೇಗಳಲ್ಲಿ ಟ್ರಕ್ಕಿಗೆ ಪ್ರವೇಶವೇ ಇಲ್ಲ. ಹಚಿನ್ಸನ್ ರಿವರ್, ಸಾ ಮಿಲ್, ಬೆಲ್ಟ್, ಸದರ್ನ್ ಸ್ಟೇಟ್, ಇವೆಲ್ಲ ಹಿಂದೆ ಕಾರಿಗಾಗಿ ಮಾಡಿದ ರಸ್ತೆಗಳು. ಮೇಲಿನ ಸೇತುವೆಗಳಲ್ಲಿ ಹತ್ತು ಅಡಿಗಿಂತ ತಗ್ಗಿನವೂ ಉಂಟು. ನಿಮ್ಮ ಟ್ರೇಲರ್ 13 ಅಡಿ 6 ಅಂಗುಲ. ಹಚಿನ್ಸನ್ ಮೇಲಿನ ಕಿಂಗ್ ಸ್ಟ್ರೀಟ್ ಸೇತುವೆಗೆ ಎಷ್ಟು ಟ್ರಕ್ ಬಡಿದಿವೆಯೋ, ಅದು ಸುದ್ದಿಯೂ ಅಲ್ಲ ಅನ್ನುವಷ್ಟಾಗಿದೆ. ನ್ಯೂಜೆರ್ಸಿಯ ಗಾರ್ಡನ್ ಸ್ಟೇಟ್ ಪಾರ್ಕ್‌ವೇಯಲ್ಲಿ 105ನೇ ಎಕ್ಸಿಟ್‌ನಿಂದ ಉತ್ತರಕ್ಕೆ ದೊಡ್ಡ ಟ್ರಕ್ ಹೋಗುವಂತಿಲ್ಲ. ಹಾಲೆಂಡ್ ಟನೆಲ್‌ನಲ್ಲಿ ಟ್ರೇಲರ್ ಬಿಡುವುದಿಲ್ಲ. ಜಾರ್ಜ್ ವಾಷಿಂಗ್ಟನ್ ಸೇತುವೆಯಲ್ಲಿ ಟ್ರಕ್ಕಿಗೆ ಮೇಲಿನ ಅಂತಸ್ತು ಮಾತ್ರ. 53 ಅಡಿ ಟ್ರೇಲರಿಗೆ ನ್ಯೂಯಾರ್ಕ್ ನಗರದ ಒಳಬೀದಿಗಳೂ ಮುಚ್ಚಿವೆ. ಟ್ರಕ್ಕಿಗೆಂದೇ ಇರುವ ಜಿಪಿಎಸ್‌ಗೆ ಹಣ ಹಾಕಿ, ನಿಮ್ಮ ಎತ್ತರ, ಉದ್ದ, ತೂಕ ಅದರಲ್ಲಿ ಸರಿಯಾಗಿ ತುಂಬಿಸಿ. ಹಾಗಿದ್ದರೂ ಅದು ಹೇಳಿದ್ದಕ್ಕಿಂತ ಬೋರ್ಡು ಹೇಳಿದ್ದೇ ಸತ್ಯ.

ದಾರಿ ತಪ್ಪಿ ಪಾರ್ಕ್‌ವೇಗೆ ಇಳಿದುಬಿಟ್ಟರೆ? ಕಾಕನಿಗೂ ಮೊದಲ ವರ್ಷ ಹಾಗೆ ಆಗಿತ್ತು. "ಹಿಂದಿನಿಂದ ನೂರು ಕಾರು ಹಾರ್ನ್ ಹೊಡೀತಿದ್ವು. ನಾಚಿಕೆಯಲ್ಲಿ ಸತ್ತು ಹೋದ ಹಾಗೆ ಆಯ್ತು. ಆದ್ರೂ ನಿಲ್ಲಿಸಿದೆ." ಎಚ್ಚರಿಕೆ ದೀಪ ಹಾಕಿ, 911ಕ್ಕೆ ಕರೆ ಮಾಡಿ, ಪೊಲೀಸರು ಬಂದು ಹಿಂದಿನ ಕಾರು ತೆರವು ಮಾಡಿಸಿದ ಮೇಲೆ ರಿವರ್ಸ್ ತೆಗೆದರಂತೆ. ದಂಡ ಬಿತ್ತು. ಸೇತುವೆಗೆ ಬಡಿಯಲಿಲ್ಲ. ದಂಡ ಕಟ್ಟಿ ಮುಗಿಯಿತು, ಬಡಿದಿದ್ದರೆ ಮುಗಿಯುತ್ತಿರಲಿಲ್ಲ.

ರಿವರ್ಸಿಗೂ ಅದೇ ಮಾತು. ಸಂಶಯ ಬಂದರೆ ನಿಲ್ಲಿಸಿ, ಇಳಿದು, ನಡೆದು ನೋಡಿ. ಎರಡು ಸಲ, ಮೂರು ಸಲ ಇಳಿಯಬೇಕಾದರೂ ಇಳಿಯಿರಿ. ನಮ್ಮ ಕಡೆ ಹಿಂದೆ ನಿಂತು "ಬರ್ಲಿ, ಬರ್ಲಿ, ರೈಟ್" ಅನ್ನಲು ಕ್ಲೀನರ್ ಇರುತ್ತಿದ್ದ. ಇಲ್ಲಿ ನೀವೇ ಡ್ರೈವರ್, ನೀವೇ ಕ್ಲೀನರ್. ಮುಂದಿನ ಗಾಡಿಯಿಂದ ದೂರ ಇಡುವುದೂ ಮರೆಯಬಾರದು. ಗಂಟೆಗೆ 65 ಮೈಲಿ ಓಟದಲ್ಲಿ ಕಾರು ನಿಲ್ಲಲು ಸುಮಾರು 316 ಅಡಿ ಸಾಕಾದರೆ, ತುಂಬಿದ ಟ್ರಕ್ಕಿಗೆ 525 ಅಡಿ ಬೇಕಾಗಬಹುದು. 80,000 ಪೌಂಡ್, ಅಂದರೆ 36 ಟನ್ನಿಗೂ ಹೆಚ್ಚು ತೂಕ ನಿಮ್ಮ ಬೆನ್ನ ಹಿಂದೆ ಉಂಟು.

ನಮ್ಮ ಹುಡುಗರಲ್ಲಿ ಹಲವರು ನ್ಯೂವಾರ್ಕ್-ಎಲಿಜಬೆತ್ ಬಂದರಿನ ಕಂಟೇನರ್ ಕೆಲಸಕ್ಕೆ ಹೋಗುತ್ತಾರೆ. ಇದು ಸಣ್ಣ ಜಾಗ ಅಲ್ಲ. 1956ರ ಏಪ್ರಿಲ್ 26ರಂದು ಇದೇ ನ್ಯೂವಾರ್ಕ್ ಬಂದರಿನಿಂದ 58 ಕಂಟೇನರ್ ಹೊತ್ತು 'ಐಡಿಯಲ್ ಎಕ್ಸ್' ಹಡಗು ಹ್ಯೂಸ್ಟನ್‌ಗೆ ಹೊರಟಿತು. ಇವತ್ತಿನ ಕಂಟೇನರ್ ವ್ಯಾಪಾರಕ್ಕೆ ನಾಂದಿ ಅದು. ಅದನ್ನು ಹೊರಡಿಸಿದ ಮಾಲ್ಕಮ್ ಮೆಕ್‌ಲೀನ್ ಟ್ರಕ್ ಓಡಿಸಿಯೇ ಮೇಲೆ ಬಂದವರು. ಬಂದರಿನೊಳಗೆ ಹೋಗಲು ಟ್ವಿಕ್ ಕಾರ್ಡ್ ಬೇಕು. ಒಳಗೆ ಕಾಕನ ಸೂತ್ರ ಇದು: ಗೇಟು ದಾಟುವ ಮೊದಲು ಚಾಸಿಯ ಟೈರು, ದೀಪ, ಬ್ರೇಕು, ಕಂಟೇನರ್ ಹಿಡಿದಿಡುವ ನಾಲ್ಕು ಮೂಲೆಯ ಲಾಕು, ಸೀಲಿನ ನಂಬರು, ಎಲ್ಲ ನೋಡಿ ಫೋಟೊ ತೆಗೆಯಿರಿ. ಗೇಟಿನೊಳಗೆ ಹಾಳಾದ ಟೈರು ಅವರದ್ದು. ಗೇಟು ದಾಟಿದ ಮೇಲೆ ಅದು ನಿಮ್ಮ ತಲೆ ಮೇಲೆ.

ಗಡಿಯಾರ ಹೇಳಿದಾಗ

ಕಾನೂನು ಸರಳ ಉಂಟು. 10 ಗಂಟೆ ಸತತ ವಿಶ್ರಾಂತಿಯ ನಂತರ, ಕೆಲಸ ಶುರುವಾದ ಹೊತ್ತಿನಿಂದ 14 ಗಂಟೆಯ ಒಳಗೆ ಹೆಚ್ಚೆಂದರೆ 11 ಗಂಟೆ ಓಡಿಸಬಹುದು. 8 ಗಂಟೆ ಓಡಿಸಿದರೆ 30 ನಿಮಿಷ ಬಿಡುವು ಬೇಕು. ದಿನಾ ಓಡುವ ಕಂಪೆನಿಯಲ್ಲಿ 8 ದಿನಕ್ಕೆ 70 ಗಂಟೆ ಮಿತಿ. ಕಾಕ ಆ 30 ನಿಮಿಷವನ್ನು ಲುಹರ್ ನಮಾಝ್ ಮತ್ತು ಊಟಕ್ಕೆ ಹೊಂದಿಸಿಕೊಳ್ಳುತ್ತಾರೆ.

ಕಷ್ಟ ಬರುವುದು ಗೋದಾಮಿನಲ್ಲಿ. ನಾಲ್ಕು ಗಂಟೆ ಕಾಯಿಸುತ್ತಾರೆ, 14 ಗಂಟೆಯ ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಹೊರಗೆ ಬರುವಾಗ ಡಿಸ್ಪ್ಯಾಚರ್ ಫೋನ್ ಮಾಡಿ "ಇನ್ನು ಒಂದೇ ಗಂಟೆ, ಹೇಗಾದ್ರೂ ಮಾಡಿ ಬಾ" ಅನ್ನುತ್ತಾನೆ. ಆಗ ಎಂತ ಹೇಳುವುದು? ಕಾಕ ಹೇಳುವುದು ಒಂದೇ ವಾಕ್ಯ: "ನನ್ನ ಗಂಟೆ ಮುಗಿದಿದೆ, ದಯವಿಟ್ಟು ಮೆಸೇಜಿನಲ್ಲಿ ಬರೆದು ಕಳಿಸಿ." ಬರೆದು ಕಳಿಸಿ ಅಂದ ಕೂಡಲೇ ಹೆಚ್ಚಿನವರು ಮೆತ್ತಗಾಗುತ್ತಾರೆ. ಮೆತ್ತಗಾಗದಿದ್ದರೆ ನಿಮ್ಮ ಹಿಂದೆ ಕಾನೂನು ಉಂಟು. ಗಂಟೆ ಮುಗಿದ ಮೇಲೆ, ಬ್ರೇಕು ಕೆಟ್ಟ ಗಾಡಿಯಲ್ಲಿ, ಕಣ್ಣು ಮುಚ್ಚುವಷ್ಟು ದಣಿದಾಗ ಓಡಿಸುವುದಿಲ್ಲ ಅಂದವನನ್ನು ಕೆಲಸದಿಂದ ತೆಗೆಯುವುದು 1982ರ ಕೇಂದ್ರ ಕಾಯಿದೆಗೆ ವಿರುದ್ಧ. ಹಾಗೆ ಆದರೆ 180 ದಿನದ ಒಳಗೆ ಓಷಾ ಇಲಾಖೆಗೆ ದೂರು ಕೊಡಬಹುದು. ಅದಕ್ಕೇ ಮೆಸೇಜು ಅಳಿಸಬೇಡಿ. ಗೋದಾಮಿಗೆ ಬಂದ ಹೊತ್ತು, ಬಿಟ್ಟ ಹೊತ್ತು ಬರೆದಿಡಿ. ಕಾದದ್ದಕ್ಕೆ ಹಣ ಕೇಳುವಾಗ ಅದೇ ಸಾಕ್ಷಿ.

ಎಲ್ಲಿ ನಿಲ್ಲಿಸಿದಿರಿ ಅನ್ನುವುದೂ ಅಷ್ಟೇ ಮುಖ್ಯ. ನ್ಯೂಯಾರ್ಕ್ ರಾಜ್ಯದ ಜೇಸನ್ ರಿವೆನ್‌ಬರ್ಗ್ ಎಂಬ ಡ್ರೈವರ್ 2009ರ ಮಾರ್ಚಿನಲ್ಲಿ ಹಾಲಿನ ಲೋಡ್ ತೆಗೆದುಕೊಂಡು ದಕ್ಷಿಣಕ್ಕೆ ಹೋಗಿದ್ದರು. ಹೊತ್ತಿಗೆ ಮೊದಲೇ ಮುಟ್ಟಿದರು. ನಿಲ್ಲಿಸಲು ಜಾಗ ಸಿಗದೆ ದಕ್ಷಿಣ ಕ್ಯಾರೊಲೈನಾದ ಒಂದು ಮುಚ್ಚಿದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಮಲಗಿದರು. ಕಳ್ಳ ಅವರನ್ನು ಗುಂಡಿಟ್ಟು ಕೊಂದ. ಸಿಕ್ಕಿದ್ದು ಏಳು ಡಾಲರ್. ಮನೆಯಲ್ಲಿ ಹೆಂಡತಿ ಹೋಪ್ ಅವಳಿ ಮಕ್ಕಳ ತುಂಬು ಬಸುರಿ. ಆ ಹೆಣ್ಣುಮಗಳು ಸುಮ್ಮನೆ ಕೂರಲಿಲ್ಲ. ಟ್ರಕ್ಕುಗಳಿಗೆ ಸುರಕ್ಷಿತ ನಿಲ್ದಾಣ ಬೇಕು ಅಂತ ಹೋರಾಡಿ, 2012ರಲ್ಲಿ ಗಂಡನ ಹೆಸರಿನಲ್ಲೇ 'ಜೇಸನ್ಸ್ ಲಾ' ಕಾನೂನಿನಲ್ಲಿ ಸೇರುವ ಹಾಗೆ ಮಾಡಿದರು. ಆದರೂ ಜಾಗದ ಕೊರತೆ ಇವತ್ತಿಗೂ ತೀರಿಲ್ಲ. ಟರ್ನ್‌ಪೈಕಿನ ವಿನ್ಸ್ ಲೊಂಬಾರ್ಡಿಯಂಥ ತಂಗುದಾಣ ಸಂಜೆಗೇ ತುಂಬಿರುತ್ತದೆ. ಹಾಗಾಗಿ ಬೆಳಿಗ್ಗೆ ಹೊರಡುವಾಗಲೇ ರಾತ್ರಿ ಎಲ್ಲಿ ಅಂತ ಗೊತ್ತು ಮಾಡಿಕೊಳ್ಳಿ. ಅಲ್ಲಿ ಸಿಗದಿದ್ದರೆ ಎರಡನೆಯದು ಯಾವುದು ಅಂತಲೂ ಇರಲಿ. ಒಂದು ಗಂಟೆ ಮೊದಲೇ ನಿಲ್ಲಿಸಿದರೆ ನಷ್ಟ ಅಂತ ಅನಿಸಬಹುದು. ಅದು ನಷ್ಟ ಅಲ್ಲ.

ಸಹಿ ಹಾಕುವ ಮೊದಲು

ಇಲ್ಲಿ ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಲಿಕ್ಕೆ ಉಂಟು.

ಕೆಲವು ವರ್ಷದ ಹಿಂದೆ ನಮ್ಮ ಊರಿನ ಕಡೆಯ ಒಬ್ಬ ಹುಡುಗ ಹೊಸ ಸಿಡಿಎಲ್ ಹಿಡಿದು ಬಂದ. ಒಂದು ಕಂಪೆನಿ ಅವನಿಗೆ 'ಲೀಸ್-ಪರ್ಚೇಸ್' ಒಪ್ಪಂದ ಕೊಟ್ಟಿತ್ತು. ಮುಂಗಡ ಬೇಡ, ವಾರ ವಾರ ಕಂತು, ಕೊನೆಗೆ ಟ್ರಕ್ ನಿನ್ನದು. "ಬಾವ, ಒಮ್ಮೆ ನೋಡಿ ಹೇಳಿ" ಅಂತ ನಮಗೆ ಕಳಿಸಿದ. ತೆರಿಗೆಯ ಸೀಸನ್, ತಲೆ ಕೆರೆಯಲು ಪುರುಸೊತ್ತಿಲ್ಲ. ಮೇಲಿಂದ ಮೇಲೆ ಕಣ್ಣಾಡಿಸಿ "ಎಲ್ಲರೂ ಹೀಗೇ ಮಾಡುವುದು" ಅಂದುಬಿಟ್ಟೆವು. ಅವನು ಸಹಿ ಹಾಕಿದ. ಹದಿನಾಲ್ಕು ತಿಂಗಳು ಹಗಲು ರಾತ್ರಿ ದುಡಿದ. ಇಂಜಿನ್ ಕೆಟ್ಟಾಗ ಕಂತು ತಪ್ಪಿತು, ಟ್ರಕ್ ಹಿಂದಕ್ಕೆ ಹೋಯಿತು, ರಿಪೇರಿಗೆಂದು ವಾರ ವಾರ ಹಿಡಿದ ಠೇವಣಿಯೂ ಸಿಗಲಿಲ್ಲ. ಮತ್ತೆ ಕೂತು ಆ ಒಪ್ಪಂದ ಓದಿದಾಗ ಇದೆಲ್ಲ ಏಳನೇ ಪುಟದಲ್ಲಿ ಬರೆದಿತ್ತು. ಅವನು ನಮ್ಮನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರ ಆಗುತ್ತಿತ್ತು.

ಅಂಥ ಒಪ್ಪಂದದ ಲೆಕ್ಕ ಹೇಗಿರುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇವೆ. ವಾರಕ್ಕೆ 4,000 ಡಾಲರ್ ಬಂತು ಅಂತ ಇಟ್ಟುಕೊಳ್ಳಿ. ಡೀಸೆಲ್ 1,300, ಟ್ರಕ್ಕಿನ ಕಂತು 850, ವಿಮೆ 350, ಟ್ರೇಲರ್ ಬಾಡಿಗೆ 200, ರಿಪೇರಿ ಠೇವಣಿ 300, ಟೋಲ್ 250, ಇತರ ಕಡಿತ 100. ಒಟ್ಟು 3,350 ಹೋಯಿತು. ಉಳಿದದ್ದು 650. ವಾರಕ್ಕೆ 60 ಗಂಟೆ ದುಡಿದರೆ ಗಂಟೆಗೆ 11 ಡಾಲರೂ ಇಲ್ಲ, ಅದರಲ್ಲಿ ತೆರಿಗೆ ಇನ್ನೂ ಕಟ್ಟಬೇಕು. ನ್ಯೂಜೆರ್ಸಿಯ ಕನಿಷ್ಠ ವೇತನ 2025ರಲ್ಲಿ 15.49 ಡಾಲರ್. "ನಾಲ್ಕು ಸಾವಿರ ದುಡೀತೇನೆ" ಅಂತ ಊರಿಗೆ ಫೋನ್ ಮಾಡುವವನ ಕೈಗೆ ಬರುವುದು ಇಷ್ಟು. ಕೇಂದ್ರ ಸರಕಾರವೇ ನೇಮಿಸಿದ ಕಾರ್ಯಪಡೆ 2025ರ ಜನವರಿಯಲ್ಲಿ ಇಂಥ ಲೀಸ್-ಪರ್ಚೇಸ್ ಒಪ್ಪಂದಗಳನ್ನು ನಿಷೇಧಿಸಬೇಕು ಅಂತ ಶಿಫಾರಸು ಮಾಡಿತು. ಮೊದಲ ಎರಡು ವರ್ಷ ಕಂಪೆನಿಯ ಗಾಡಿಯಲ್ಲಿ ಸಂಬಳಕ್ಕೆ ದುಡಿಯಿರಿ ಅನ್ನುವುದು ಕಾಕನ ಸಲಹೆ, ನಮ್ಮದೂ ಅದೇ.

ಸಂಬಳವನ್ನು ಡಬ್ಲ್ಯೂ-2ನಲ್ಲಿ ಕೊಡುತ್ತಾರೋ 1099ನಲ್ಲೋ ಅಂತ ಮೊದಲೇ ಕೇಳಿ. ಕಂಪೆನಿಯ ಟ್ರಕ್ಕು, ಕಂಪೆನಿ ಹೇಳಿದ ಲೋಡು, ಕಂಪೆನಿ ಹೇಳಿದ ಹೊತ್ತು, ಆದರೂ ನೀನು ಸ್ವತಂತ್ರ ಗುತ್ತಿಗೆದಾರ ಅಂದರೆ ಸಂಶಯ ಪಡಿ. ಕಾಗದದಲ್ಲಿ ಹಾಗೆ ಬರೆದ ಮಾತ್ರಕ್ಕೆ ನ್ಯೂಜೆರ್ಸಿಯ ಕಾನೂನು ಒಪ್ಪುವುದಿಲ್ಲ. ಅದು ಹೌದು ಅಂತ ಸಾಧಿಸಬೇಕಾದವರು ಕೆಲಸ ಕೊಟ್ಟವರು. ಹಾಗೆ ಗುತ್ತಿಗೆದಾರ ಅಂತ ಕಾಗದದಲ್ಲಿ ಬರೆಸಿಕೊಂಡ ಡ್ರೈವರ್ ಡೊಮಿನಿಕ್ ಒಲಿವೇರಾ ಸುಪ್ರೀಂ ಕೋರ್ಟಿನ ತನಕ ಹೋದರು. ಕಂಪೆನಿಯ ಖಾಸಗಿ ಪಂಚಾಯಿತಿಗೆ ಹೋಗಬೇಕಾಗಿಲ್ಲ, ಕೋರ್ಟಿಗೇ ಹೋಗಬಹುದು ಅಂತ 2019ರ ಜನವರಿ 15ರಂದು ತೀರ್ಪು ಸಿಕ್ಕಿತು.

ತೊಟ್ಟೆಯೊಳಗಿನ ಲೆಕ್ಕ

1099ನಲ್ಲಿ ದುಡಿಯುವವರು ಗಮನಿಸಿ. ನಿಮ್ಮ ತೆರಿಗೆಯನ್ನು ಯಾರೂ ಹಿಡಿದಿಟ್ಟಿರುವುದಿಲ್ಲ. ಸ್ವಂತ ದುಡಿಮೆಯ ತೆರಿಗೆಯೇ 15.3 ಶೇಕಡಾ, ಆದಾಯ ತೆರಿಗೆ ಅದರ ಮೇಲೆ. ನಿವ್ವಳದ ನಾಲ್ಕನೇ ಒಂದು ಭಾಗವನ್ನು ಬೇರೆ ಖಾತೆಯಲ್ಲಿಟ್ಟು, ಆಮೇಲೆ ಊರಿಗೆ ಕಳಿಸಿ. ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15, ಈ ನಾಲ್ಕು ದಿನ ಕಂತು ಕಟ್ಟಬೇಕು. ಸ್ವಂತ ಟ್ರಕ್ಕಿನಲ್ಲಿ ರಾಜ್ಯ ದಾಟುವವರಿಗೆ ಡೀಸೆಲ್ ತೆರಿಗೆಯ ಇಫ್ಟಾ ಲೆಕ್ಕ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಕೊನೆಗೆ. ಭಾರೀ ವಾಹನದ 2290 ಫಾರ್ಮು ಆಗಸ್ಟ್ 31ಕ್ಕೆ. 75,000 ಪೌಂಡಿಗಿಂತ ಹೆಚ್ಚಿನ ಗಾಡಿಗೆ 550 ಡಾಲರ್.

ರಾತ್ರಿ ಮನೆಯಿಂದ ಹೊರಗೆ ಮಲಗುವ ಸ್ವಂತ ದುಡಿಮೆಯವರಿಗೆ ಊಟದ ಖರ್ಚಿಗೆ 2024ರ ಅಕ್ಟೋಬರಿನಿಂದ ದಿನಕ್ಕೆ 80 ಡಾಲರ್ ಲೆಕ್ಕ, ಅದರ 80 ಶೇಕಡಾ ಕಳೆಯಬಹುದು. ಯಾವ ದಿನ ಹೊರಗಿದ್ದಿರಿ ಅಂತ ದಾಖಲೆ ಇದ್ದರೆ ಸಾಕು. ಬಂದರಿನ ಕೆಲಸ ಮುಗಿಸಿ ದಿನಾ ಮನೆಗೆ ಬರುವವರಿಗೆ ಇದು ಇಲ್ಲ, ಸಂಬಳದ ಡ್ರೈವರಿಗೂ ಇಲ್ಲ. "ಅವನಿಗೆ ಮಾಡಿಕೊಟ್ಟಿದ್ದೀರಿ, ನನಗೂ ಮಾಡಿ" ಅಂತ ನಮ್ಮ ಹತ್ತಿರ ಜಗಳ ಮಾಡಬೇಡಿ.

ಒಂದು ಮಾತು ದೇಹದ ಬಗ್ಗೆ. ಮೆಡಿಕಲ್ ಕಾರ್ಡು ಹೆಚ್ಚೆಂದರೆ ಎರಡು ವರ್ಷಕ್ಕೆ. ರಕ್ತದೊತ್ತಡ ಹೆಚ್ಚಿದ್ದರೆ ಅವಧಿ ಕಡಿಮೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೂ 2018ರ ನಂತರ ದಾರಿ ತೆರೆದಿದೆ, ಅಡಗಿಸಿಡುವ ಅಗತ್ಯ ಇಲ್ಲ. ಕಾರ್ಡಿನ ತಾರೀಕು ತಪ್ಪಿದರೆ ಸಿಡಿಎಲ್ ಇಳಿದು ಸಾಮಾನ್ಯ ಲೈಸೆನ್ಸ್ ಆಗುತ್ತದೆ. ಗಾಂಜಾ ಈ ಎರಡೂ ರಾಜ್ಯದಲ್ಲಿ ಅಂಗಡಿಯಲ್ಲೇ ಮಾರುತ್ತಾರೆ, ಆದರೆ ಸಿಡಿಎಲ್ ಇರುವವರಿಗೆ ಅದು ಪೂರ್ತಿ ನಿಷಿದ್ಧ. 2020ರ ಜನವರಿಯಿಂದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಹೆಸರು ಇಡೀ ದೇಶದ ಕಂಪೆನಿಗಳು ನೋಡುವ ಕೇಂದ್ರ ದಾಖಲೆಗೆ ಹೋಗುತ್ತದೆ. ಮಕ್ಕಳ ಮುಂದೆ ಇದನ್ನು ಹೇಳಬೇಕಾಯಿತು, ಕ್ಷಮಿಸಿ. ಹೇಳದೆ ಇರಲಿಕ್ಕೆ ಆಗುವುದಿಲ್ಲ.

ಮನೆಯವರಿಗೆ

ಕೊನೆಗೆ ಸಹೋದರಿಯರಿಗೆ, ಊರಿನಲ್ಲಿ ಇದನ್ನು ಓದುವ ಉಮ್ಮ-ಬಾಪನವರಿಗೆ ಒಂದು ವಿನಂತಿ. ಗಾಡಿಯಲ್ಲಿರುವವನಿಗೆ ಕಾಗದ ನೋಡಲು ಹೊತ್ತಿಲ್ಲ. ಲೈಸೆನ್ಸ್, ಮೆಡಿಕಲ್ ಕಾರ್ಡ್, ಒಪ್ಪಂದ, ವಾರದ ಚೀಟಿ, ಇವೆಲ್ಲದರ ಒಂದು ಫೈಲು ಮನೆಯಲ್ಲಿರಲಿ. ಕೊನೆಯ ತಾರೀಕುಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅವನು ಓಡಿಸುತ್ತಿರುವಾಗ ಫೋನ್ ಮಾಡಬೇಡಿ. ನಿಂತ ಮೇಲೆ ಅವನೇ ಮಾಡಲಿ. ಒಂದು ತಿಂಗಳು ಹಣ ಕಡಿಮೆ ಬಂದರೆ "ಅವನ ಮಗ ಇಷ್ಟು ಕಳಿಸ್ತಾನೆ" ಅಂತ ಹೇಳಬೇಡಿ. ಆ ಒಂದು ಮಾತು ಕಿವಿಯಲ್ಲಿದ್ದವನೇ ಗಂಟೆ ಮುಗಿದ ಮೇಲೂ ಓಡಿಸುವುದು. ಇದನ್ನು ಕಾಕ ಎರಡು ಸಲ ಹೇಳಿದರು. ಎರಡನೇ ಸಲ ಹೇಳುವಾಗ ಅವರ ದನಿ ಬೇರೆಯಾಗಿತ್ತು, ನಾವು ಕಾರಣ ಕೇಳಲಿಲ್ಲ.

ಆ ಹುಡುಗ ಈಗ ಎಲಿಜಬೆತ್‌ನ ಒಂದು ಕಂಪೆನಿಯಲ್ಲಿ ಸಂಬಳಕ್ಕೆ ಇದ್ದಾನೆ. ರಾತ್ರಿ ಮನೆಗೆ ಬರುತ್ತಾನೆ. ಇವತ್ತು ಇಲ್ಲೇ ಹಿಂದಿನ ಸಾಲಿನಲ್ಲಿ ಮಗುವನ್ನು ಎತ್ತಿಕೊಂಡು ಕೂತಿದ್ದಾನೆ. ಅವನ ಅನುಮತಿ ಕೇಳಿಯೇ ಅವನ ಕಥೆ ಹೇಳಿದ್ದು. ಇನ್ನು ಮುಂದೆ ಯಾರೇ ಒಪ್ಪಂದ ತಂದರೂ, ಅದು ಮಾರ್ಚ್ ತಿಂಗಳಾದರೂ ಸರಿ, ಏಳನೇ ಪುಟದ ತನಕ ಓದಿಯೇ ಹೇಳುತ್ತೇವೆ. ಹಣ ತೆಗೆದುಕೊಳ್ಳುವುದಿಲ್ಲ. ಸಹಿ ಹಾಕುವ ಮೊದಲು ತನ್ನಿ, ಅಷ್ಟೇ.

ಊಟ ಆರುತ್ತಾ ಉಂಟು ಅಂತ ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ನಾವೂ ಇಲ್ಲಿಗೆ ನಿಲ್ಲಿಸುತ್ತೇವೆ. ಎಲ್ಲರ ದಾರಿ ಸುಗಮವಾಗಲಿ, ಎಲ್ಲರೂ ಕ್ಷೇಮವಾಗಿ ಮನೆ ಮುಟ್ಟಲಿ. ವಸ್ಸಲಾಂ.